ಮಳೆ ನಿಂತ ಮೇಲಿನ ಮೊದಲ ರೋಡ್ ರೇಸ್: ಕಲಬುರಗಿ ಸೀಮೆಯ ಸೈಕಲ್ ಸವಾರರಿಗೆ

ನಮ್ಮ ಕಡೆ ರೋಡ್ ರೇಸಿನ ಸೀಸನ್ ಮಳೆ ನಿಂತ ಮೇಲೆ ಶುರುವಾಗುತ್ತದೆ. ದಸರೆ ಕಳೆದು ತೊಗರಿ ಹೂ ಬಿಡುವ ಹೊತ್ತಿಗೆ ಒಂದೊಂದೇ ಸ್ಪರ್ಧೆಯ ಸುದ್ದಿ ವಾಟ್ಸಾಪಿಗೆ ಬರತೊಡಗುತ್ತದೆ. ಶಿವರಾತ್ರಿ ದಾಟಿತೆಂದರೆ ಬಿಸಿಲೇರಿ ಎಲ್ಲ ಮುಗಿದ ಹಾಗೆ. ಸೇಡಂ ರಸ್ತೆಯಲ್ಲೋ ಹುಮನಾಬಾದ್ ರಸ್ತೆಯಲ್ಲೋ ಒಬ್ಬರೇ ಎರಡು ತಾಸು 30 ಕಿ.ಮೀ. ವೇಗ ಬಿಡದೆ ಹೊಡೆಯಬಲ್ಲವರು ಮೊದಲ ರೇಸಿನಲ್ಲಿ ಹತ್ತೇ ಕಿಲೋಮೀಟರಿಗೆ ಗುಂಪಿನಿಂದ ಕಳಚಿಕೊಳ್ಳುವುದನ್ನು ಪ್ರತಿ ವರ್ಷ ನೋಡಬಹುದು. ಅವರಲ್ಲಿ ದಮ್ಮಿಗೆ ಕೊರತೆ ಇರುವುದಿಲ್ಲ. ರೇಸಿನ ಸರಾಸರಿ 36 ಕಿ.ಮೀ. ಎಂದು ಕೇಳಿ ಅದಕ್ಕೇ ತಯಾರಾಗಿರುತ್ತಾರೆ. ಆದರೆ ಗುಂಪು ಒಂದೇ ಸಮ 36ರಲ್ಲಿ ಹೋಗುವುದೇ ಇಲ್ಲ. 28ಕ್ಕೆ ಇಳಿಯುತ್ತದೆ, ಎಂಟು ಸೆಕೆಂಡಿನಲ್ಲಿ 46ಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ನಮ್ಮ ನೇರ, ಸಪಾಟು ರಸ್ತೆಗಳಲ್ಲಿ ಒಬ್ಬರೇ ಓಡಿಸಿ ಬೆಳೆದ ಕಾಲಿಗೆ ಈ ಜಿಗಿತದ ರೂಢಿ ಇರುವುದಿಲ್ಲ. ಮೊದಲ ರೇಸಿನ ತಯಾರಿ ಎಂದರೆ ಮುಖ್ಯವಾಗಿ ಈ ಜಿಗಿತ ಕಲಿಯುವುದು, ಎರಡನೆಯದು ಗುಂಪಿನಲ್ಲಿ ಎಲ್ಲಿ ಇರಬೇಕೆಂದು ತಿಳಿಯುವುದು. ಉಳಿದದ್ದು ಆಮೇಲೆ.

ಯಾವ ರೇಸ್

ಮೊದಲ ರೇಸ್ 30ರಿಂದ 50 ಕಿ.ಮೀ. ಇದ್ದರೆ ಸಾಕು. ಹೆಸರು ಕೊಡುವ ಮುನ್ನ ಮೂರು ಸಂಗತಿ ಕೇಳಿ: ಗೇರ್ ಸೈಕಲ್ಲಿಗೂ ಸಾದಾ ಸೈಕಲ್ಲಿಗೂ ಬೇರೆ ವಿಭಾಗ ಇದೆಯೇ, ವಾಹನ ಸಂಚಾರ ಪೂರ್ತಿ ನಿಲ್ಲಿಸುತ್ತಾರೋ ಅರ್ಧ ರಸ್ತೆಯಲ್ಲಿ ಓಡಿಸುತ್ತಾರೋ, ಹೋಗಿ ಬರುವ ದಾರಿಯೋ ಸುತ್ತುವ ದಾರಿಯೋ. ಸಂಚಾರ ನಿಲ್ಲಿಸದೆ ಹೆದ್ದಾರಿಯಲ್ಲಿ ನಡೆಸುವ ರೇಸಿಗೆ ಹೋಗಬೇಡಿ, ಬಹುಮಾನ ಎಷ್ಟೇ ಇರಲಿ. ವಯಸ್ಸಿನ ದಾಖಲೆ ಮತ್ತು ಆಧಾರ್ ಪ್ರತಿ ಜೊತೆಗಿರಲಿ. 18 ತುಂಬದವರಿಗೆ ತಂದೆ–ತಾಯಿಯ ಒಪ್ಪಿಗೆ ಪತ್ರ ಕೇಳುವುದುಂಟು.

ಆರು ವಾರ

ವಾರಕ್ಕೆ ನಾಲ್ಕು ಸಲ, ಒಟ್ಟು ಆರು ತಾಸಿನ ಆಸುಪಾಸು. ನೌಕರಿ ಇದ್ದವರಿಗೆ ಇದಕ್ಕಿಂತ ಹೆಚ್ಚು ಬೇಡ.

ಮೊದಲೆರಡು ವಾರ ವಾರಕ್ಕೊಮ್ಮೆ 10 ನಿಮಿಷದ ಮೂರು ಓಟ, ನಡುವೆ 5 ನಿಮಿಷ ಬಿಡುವು. ಓಡಿಸುವಾಗ ಎರಡು ಮೂರು ಮಾತಿಗಿಂತ ಹೆಚ್ಚು ಆಡಲಾಗಬಾರದು, ಆದರೆ ಹತ್ತನೇ ನಿಮಿಷಕ್ಕೆ ಸತ್ತುಹೋಗುವ ಹಾಗೂ ಇರಬಾರದು. ಇನ್ನೊಂದು ದಿನ ಎರಡೂವರೆ ತಾಸು ಆರಾಮದ ಸವಾರಿ. ಉಳಿದೆರಡು ದಿನ ಒಂದೊಂದು ತಾಸು, ಪೆಡಲ್ ನಿಮಿಷಕ್ಕೆ 90–95 ಸುತ್ತು ತಿರುಗಬೇಕು. ಭಾರದ ಗೇರಿನಲ್ಲಿ 65 ಸುತ್ತಿನಲ್ಲಿ ತಳ್ಳುವ ಚಟ ಇದ್ದವರಿಗೆ ಜಿಗಿಯಲಾಗುವುದಿಲ್ಲ. ಮುಂದಿನವನು ಎದ್ದಾಗ ಇವರು ಇನ್ನೂ ಗೇರ್ ಹುಡುಕುತ್ತಿರುತ್ತಾರೆ.

ಮೂರನೇ, ನಾಲ್ಕನೇ ವಾರದ ಮುಖ್ಯ ಕಸರತ್ತು 40–20. ನಲವತ್ತು ಸೆಕೆಂಡು ಜೋರು, ಇಪ್ಪತ್ತು ಸೆಕೆಂಡು ಹಗುರ. ಹೀಗೆ ಎಂಟು ಸಲ ಸೇರಿ ಒಂದು ಸುತ್ತು. ಎಂಟು ನಿಮಿಷ ಬಿಟ್ಟು ಇನ್ನೊಂದು ಸುತ್ತು, ಸಾಧ್ಯವಾದರೆ ಮೂರನೆಯದು. ಕೊನೆಯ ಎರಡು ನಲವತ್ತರಲ್ಲಿ ವೇಗ ಬಹಳ ಬಿದ್ದರೆ ಮೊದಲೆರಡನ್ನು ಜಾಸ್ತಿ ಜೋರು ಹೊಡೆದಿದ್ದೀರಿ ಎಂದರ್ಥ. ವಾರದ ಇನ್ನೊಂದು ದಿನ, ನಿಂತಷ್ಟು ನಿಧಾನವಾದ ಸ್ಥಿತಿಯಿಂದ 12 ಸೆಕೆಂಡಿನ ಹತ್ತು ಜಿಗಿತ, ಪ್ರತಿಯೊಂದರ ನಡುವೆ ಎರಡು ನಿಮಿಷ. ಇದು ಯು–ಟರ್ನಿನ ಮೇಲೆ ಕೆಲಸಕ್ಕೆ ಬರುತ್ತದೆ. ಬೀದರಿನವರಿಗೆ ಮಾಂಜ್ರಾ ಬಯಲಿನಿಂದ ಪಟ್ಟಣಕ್ಕೆ ಏರುವ ರಸ್ತೆಗಳಿವೆ, ಸುರಪುರದ ಕಡೆಯವರಿಗೆ ಗುಡ್ಡದ ಏರಿವೆ. ಕಲಬುರಗಿ ಪೇಟೆಯವರಿಗೆ ಹೇಳಿಕೊಳ್ಳುವ ಏರಿಲ್ಲ. ಎದುರುಗಾಳಿಯೇ ಏರು ಎಂದುಕೊಂಡು ಅದರಲ್ಲೇ ಮಾಡಬೇಕು.

ಐದನೇ ವಾರ ನಾಲ್ಕೈದು ಜನ ಸೇರಿ ಓಡಿಸಿ. ಇದನ್ನು ಬಿಡಲೇಬೇಡಿ. ಮುಂದಿನ ಚಕ್ರಕ್ಕೆ ಮೊದಲು ಒಂದು ಮೀಟರ್ ಅಂತರ, ಧೈರ್ಯ ಬಂದ ಮೇಲೆ ಅರ್ಧ ಮೀಟರ್. ಒಬ್ಬೊಬ್ಬರು 30 ಸೆಕೆಂಡು ಮುಂದಿದ್ದು, ಗಾಳಿ ಬರುವ ಬದಿಗೆ ಸರಿದು, ಹಿಂದಕ್ಕೆ ಜಾರಬೇಕು. ಹಾಗೆಯೇ ಶಾಲೆಯ ಮೈದಾನದ ಮಣ್ಣಿನಲ್ಲಿ ನಡೆಯುವ ವೇಗದಲ್ಲಿ ಇಬ್ಬರು ಭುಜಕ್ಕೆ ಭುಜ ತಾಗಿಸಿ ಹೋಗುವುದನ್ನು ಅರ್ಧ ತಾಸು ಮಾಡಿ. ಗುಂಪಿನಲ್ಲಿ ಭುಜ ತಾಗಿದಾಗ ಬೆಚ್ಚಿ ಬ್ರೇಕ್ ಹಿಡಿಯುವವನೇ ಹತ್ತು ಜನರನ್ನು ಕೆಡವುತ್ತಾನೆ. ಭುಜ ತಾಗಿದ್ದರಿಂದಲೇ ಬಿದ್ದವರು ಕಡಿಮೆ.

ಆರನೇ ವಾರ ದೂರವನ್ನು ಅರ್ಧಕ್ಕೆ ಇಳಿಸಿ, ಜೋರನ್ನು ಇಳಿಸಬೇಡಿ. ರೇಸಿನ ಹಿಂದಿನ ದಿನ 45 ನಿಮಿಷ, ನಡುವೆ ಹತ್ತು ಸೆಕೆಂಡಿನ ನಾಲ್ಕು ಓಟ, ಅಷ್ಟೇ. ತಯಾರಿ ಸಾಲದೆಂದು ಕೊನೆಯ ಎರಡು ದಿನದಲ್ಲಿ ನೂರು ಕಿಲೋಮೀಟರ್ ಹೊಡೆದರೆ ಕಾಲು ಸೋಲುತ್ತದೆ, ಬೇರೇನೂ ಸಿಗುವುದಿಲ್ಲ.

ಈ ಕಾಲದ ರಸ್ತೆ

ಅಕ್ಟೋಬರಿನಲ್ಲಿ ಸೋಯಾ, ಡಿಸೆಂಬರಿನಿಂದ ತೊಗರಿ ರಸ್ತೆಗೆ ಬರುತ್ತದೆ. ಗಾಡಿಗಳು ತುಳಿಯಲಿ ಎಂದು ಹರಡಿದ ಕಟ್ಟಿಗೆ, ಹೊಟ್ಟಿನ ಮೇಲೆ 25 ಮಿ.ಮೀ. ಟಯರ್ ಸೋಪಿನ ಮೇಲೆ ಜಾರಿದ ಹಾಗೆ ಜಾರುತ್ತದೆ. ಅದರ ಮೇಲೆ ಬ್ರೇಕೂ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ. ಮೊದಲೇ ವೇಗ ಇಳಿಸಿ ನೇರ ದಾಟಿ. ಇನ್ನೂ ಅಪಾಯ ಎಂದರೆ ರಾಶಿಯ ಸುತ್ತ ಕಾವಲಿಗೆ ಇಟ್ಟ ಕಲ್ಲು. ರಾಶಿ ಎತ್ತಿ ಮನೆಗೆ ಒಯ್ದ ಮೇಲೂ ತಲೆ ಗಾತ್ರದ ಕಲ್ಲುಗಳು ರಸ್ತೆಯ ಮೇಲೇ ಉಳಿದಿರುತ್ತವೆ, ಮಬ್ಬುಗತ್ತಲಲ್ಲಿ ಕಾಣುವುದಿಲ್ಲ. ನವೆಂಬರಿನಿಂದ ಆಳಂದ, ಅಫಜಲಪುರ, ಭಾಲ್ಕಿ ರಸ್ತೆಗಳಿಗೆ ಕಬ್ಬಿನ ಟ್ರ್ಯಾಕ್ಟರ್ ಇಳಿಯುತ್ತವೆ. ಎರಡು ಟ್ರೇಲರ್, ಹಿಂದೆ ದೀಪ ಇದ್ದರೆ ಪುಣ್ಯ. ಅದರ ಹಿಂದೆ ಗಾಳಿಮರೆ ಹಿಡಿದು ಓಡಿಸುವ ಚಟ ಕೆಲವರಿಗಿದೆ. ಬ್ರೇಕ್ ದೀಪವಿಲ್ಲದ ಟ್ರೇಲರ್ ಯಾವಾಗ ನಿಂತಿತು ಎಂದು ತಿಳಿಯುವುದು ಅದಕ್ಕೆ ಗುದ್ದಿದ ಮೇಲೆಯೇ.

ಸೈಕಲ್ ತಯಾರಿ

ರೇಸಿಗೆ ಹತ್ತು ದಿನ ಇರುವಾಗ ಮಾಡಿ. ಹಿಂದಿನ ರಾತ್ರಿ ಹೊಸ ಚೈನ್, ಹೊಸ ಟಯರ್, ಹೊಸ ಕ್ಲೀಟ್ (ಬೂಟನ್ನು ಪೆಡಲಿಗೆ ಸಿಕ್ಕಿಸುವ ತುಂಡು) ಹಾಕಿದವರು ಬೆಳಿಗ್ಗೆ ಅದರ ಜೊತೆ ಜಗಳಾಡುತ್ತಾರೆ.

ಮೊದಲು ಚೈನ್. ಸ್ಟೀಲ್ ಸ್ಕೇಲ್ ಹಿಡಿದು ಒಂದು ಪಿನ್ನಿನ ನಡುವಿನಿಂದ ಅಳೆಯಿರಿ. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಅದು 12 ಇಂಚು ಮತ್ತು ಒಂದಿಂಚಿನ ಹದಿನಾರನೇ ಒಂದು ಭಾಗಕ್ಕೆ ಬಂದಿದ್ದರೆ ಚೈನ್ ಶೇ. 0.5 ಸವೆದಿದೆ. 11 ಸ್ಪೀಡ್ (ಹಿಂದೆ 11 ಗೇರ್ ಇರುವ) ಸೈಕಲ್ಲಿಗೆ ಅಷ್ಟಾದರೆ ಬದಲಿಸಿ. ಬಿಟ್ಟರೆ ಕ್ಯಾಸೆಟ್ಟಿನ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಲ್ಲೂ ಸವೆದು, ನಿಂತು ಪೆಡಲ್ ಒತ್ತಿದಾಗ ಚೈನ್ ಹಾರುತ್ತದೆ. ಹೊಟ್ಟೆ ಹ್ಯಾಂಡಲ್ಲಿಗೆ ಬಡಿದು ಬೀಳುವುದು ಹೀಗೆಯೇ, ಅದೂ ಸ್ಪ್ರಿಂಟಿನಲ್ಲಿ. ಎರೆಮಣ್ಣಿನ ಧೂಳು ಎಣ್ಣೆಗೆ ಅಂಟಿಕೊಂಡು ಅರೆಯುವ ಹಿಟ್ಟಾಗುತ್ತದೆ. ಚೈನನ್ನು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು, ಒಣಗಿಸಿ, ಪ್ರತಿ ರೋಲರಿಗೆ ಒಂದೊಂದು ಹನಿ ತೆಳು ಎಣ್ಣೆ ಬಿಡಿ. ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಒರೆಸಿ ತೆಗೆಯಿರಿ, ಎಣ್ಣೆ ಒಳಗಿರಬೇಕು. ಮೋಟರ್‌ಸೈಕಲ್ ಗ್ರೀಸ್ ಹಚ್ಚಬೇಡಿ.

ಟಯರಿಗೆ ನಮ್ಮಲ್ಲಿ ಇಬ್ಬರು ವೈರಿಗಳು: ಜಾಲಿಮುಳ್ಳು ಮತ್ತು ನೆಗ್ಗಿಲಮುಳ್ಳು. ಶಹಾಬಾದ್, ಚಿತ್ತಾಪುರ ಕಡೆ ಫರಸಿ ಕಲ್ಲಿನ ಚೂರು ಮೂರನೆಯದು. ಗಾಳಿ ಬಿಟ್ಟು, ಟಯರಿನ ಮೇಲ್ಮೈಯನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಅಗಲಿಸಿ ನೋಡಿ. ಮುರಿದ ಮುಳ್ಳಿನ ಕರಿ ಚುಕ್ಕೆ ಕಂಡರೆ ಸೂಜಿಯಿಂದ ತೆಗೆಯಿರಿ. ಒಳಮೈಯಲ್ಲಿ ಹಳೇ ಹತ್ತಿ ಬಟ್ಟೆ ಓಡಿಸಿದರೆ ಮುಳ್ಳಿನ ತುದಿಗೆ ದಾರ ಸಿಕ್ಕಿಬೀಳುತ್ತದೆ. ಅರ್ಧ ಒಳಗಿರುವ ಮುಳ್ಳು ಇವತ್ತು ಸುಮ್ಮನಿದ್ದು ರೇಸಿನ ದಿನ ಟ್ಯೂಬಿಗೆ ತಲುಪುತ್ತದೆ. ಗಾಳಿ: 65 ಕಿಲೋ ತೂಕದವರಿಗೆ 25 ಮಿ.ಮೀ. ಟಯರಿನಲ್ಲಿ ಹಿಂದೆ 85, ಮುಂದೆ 80 ಪಿಎಸ್‌ಐ ಸಾಕು, 28 ಮಿ.ಮೀ. ಇದ್ದರೆ ಹತ್ತು–ಹದಿನೈದು ಕಡಿಮೆ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನ ಹಾಗೆ ಬಿಗಿ ಹೊಡೆಸಿದರೆ ಜಲ್ಲಿ ಎದ್ದ ಡಾಂಬರಿನಲ್ಲಿ ಚಕ್ರ ಕುಣಿಯುತ್ತದೆ, ವೇಗವೂ ಹೋಗುತ್ತದೆ, ತಿರುವಿನಲ್ಲಿ ಹಿಡಿತವೂ ಹೋಗುತ್ತದೆ. ಇನ್ನೊಂದು ಲೆಕ್ಕ: ನಸುಕಿನ 20 ಡಿಗ್ರಿಯಲ್ಲಿ 85 ಹೊಡೆದ ಟಯರ್ ಬಿಸಿಲಿಗೆ 40 ಡಿಗ್ರಿಗೆ ಕಾದಾಗ 92ಕ್ಕೆ ಏರುತ್ತದೆ. ರೇಸ್ ತಡವಾಗಿ ಶುರುವಾದರೆ ಮತ್ತೊಮ್ಮೆ ನೋಡಿ.

ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಎಂದರೆ ಹೆಡ್‌ಸೆಟ್ ಸಡಿಲ. ಹಿಂದಿನ ಡಿರೇಲರನ್ನು (ಚೈನ್ ಸರಿಸಿ ಗೇರ್ ಬದಲಿಸುವ ಭಾಗ) ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿ, ಹಿಂದಿನಿಂದ ನೋಡಿ: ಪಂಜರ ನೇರ ಕೆಳಗೆ ತೂಗುತ್ತಿರಬೇಕು, ಕಡ್ಡಿಗಳಿಗೆ ತಾಗಬಾರದು. ಬಸ್ಸಿನ ಮೇಲೆಯೋ ರೈಲಿನ ಪಾರ್ಸಲ್ಲಿನಲ್ಲೋ ಬಂದ ಸೈಕಲ್ಲಿನಲ್ಲಿ ಡಿರೇಲರ್ ಹಿಡಿದಿರುವ ಹ್ಯಾಂಗರ್ ಬಾಗಿರುವುದು ಮಾಮೂಲು. ಹಾಗಾಗಿ ಬಿಚ್ಚಿ ಒಯ್ಯುವಾಗ ಡಿರೇಲರನ್ನು ಕಳಚಿ ಬಟ್ಟೆ ಸುತ್ತಿ ಫ್ರೇಮಿನ ಒಳಗೆ ಕಟ್ಟಿ. ಹ್ಯಾಂಡಲ್ಲಿನ ಎರಡೂ ತುದಿಗೆ ಬಿರಡೆ ಇರಲೇಬೇಕು. ತೆರೆದ ಕೊಳವೆ ಬಿದ್ದಾಗ ಮೈಗೆ ನಾಟುತ್ತದೆ, ತಪಾಸಣೆಯಲ್ಲಿ ನಿಮ್ಮನ್ನು ಅಲ್ಲೇ ನಿಲ್ಲಿಸಬಹುದು.

ಊಟ, ನೀರು

ಹಿಂದಿನ ರಾತ್ರಿ ಅನ್ನ, ತೊಗರಿಬೇಳೆ ಸಾರು, ಮೊಸರು. ಜೋಳದ ರೊಟ್ಟಿಯ ಮೇಲಿನ ಪ್ರೀತಿ ಒಂದು ರಾತ್ರಿ ಬದಿಗಿಡಿ. ನಾರಿನಂಶ ಹೆಚ್ಚು, ಬೆಳಿಗ್ಗೆ ಹೊಟ್ಟೆ ಭಾರ. ಶೇಂಗಾ ಹಿಂಡಿ, ಮಿರ್ಚಿ ಭಜಿ ಗೆದ್ದ ಮೇಲೆ ತಿನ್ನಿ. ಓಟಕ್ಕೆ ಎರಡೂವರೆ–ಮೂರು ತಾಸು ಮೊದಲು ಅವಲಕ್ಕಿಯೋ ಉಪ್ಪಿಟ್ಟೋ ಸುಸಲಾನೋ. 60 ಕಿಲೋ ತೂಕದವರಿಗೆ 120 ಗ್ರಾಂ ಒಣ ಅವಲಕ್ಕಿಯ ಅಳತೆ ಸರಿಯಾಗುತ್ತದೆ. ಎಣ್ಣೆ ಕಡಿಮೆ, ಶೇಂಗಾ ಕಡಿಮೆ.

ಬಾಟಲಿ ಮನೆಯಲ್ಲೇ ಮಾಡಿ: 750 ಮಿ.ಲೀ. ನೀರು, 40 ಗ್ರಾಂ ಸಕ್ಕರೆ (ತಲೆ ಸವರಿದ ಹತ್ತು ಚಹಾ ಚಮಚ), ಮೂರು ಬೆರಳಿನಲ್ಲಿ ಹಿಡಿದ ಎರಡು ಚಿಟಿಕೆ ಉಪ್ಪು, ಅರ್ಧ ನಿಂಬೆ. ಇದು ಒಂದು ತಾಸಿನ ಲೆಕ್ಕ. ಓಆರ್‌ಎಸ್ ಪುಡಿಯನ್ನೇ ನಂಬಬೇಡಿ. ಅದು ಭೇದಿಯಾದವರಿಗೆ ಲವಣ ಕೊಡಲು ಮಾಡಿದ್ದು, ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ; ರೇಸಿನ ಕಾಲಿಗೆ ತಾಸಿಗೆ 30ರಿಂದ 60 ಗ್ರಾಂ ಸಕ್ಕರೆ ಬೇಕು. ಒಂದೂವರೆ ತಾಸಿಗಿಂತ ಉದ್ದದ ರೇಸಾದರೆ ಜೇಬಿಗೆ ಏಲಕ್ಕಿ ಬಾಳೆ ಎರಡು, ಸಿಪ್ಪೆ ಅರ್ಧ ಬಿಡಿಸಿ ಇಟ್ಟುಕೊಳ್ಳಿ. ಕಮಲಾಪುರದ ಕೆಂಬಾಳೆ ರುಚಿಗೆ ಎದುರಿಲ್ಲ, ಆದರೆ ಗಾತ್ರಕ್ಕೆ ಜರ್ಸಿಯ ಜೇಬು ಜೋತುಬೀಳುತ್ತದೆ. ಅದು ರೇಸ್ ಮುಗಿದ ಮೇಲೆ.

ರೇಸಿನ ಬೆಳಿಗ್ಗೆ

ಕರಪತ್ರದಲ್ಲಿ 7 ಗಂಟೆ ಎಂದಿದ್ದರೆ ಮುಖ್ಯ ಅತಿಥಿ ಬಂದು, ಹಾರ ಹಾಕಿ, ಭಾಷಣ ಮುಗಿದು, ಹಸಿರು ಬಾವುಟ ಆಡುವುದು ಎಂಟೂವರೆಗೋ ಒಂಬತ್ತಕ್ಕೋ. ಇದನ್ನು ಬೈದು ಪ್ರಯೋಜನವಿಲ್ಲ, ಲೆಕ್ಕಕ್ಕೆ ಹಿಡಿಯಬೇಕು. ಓಟಕ್ಕೆಂದು ಇಟ್ಟ ಬಾಟಲಿಯನ್ನು ಕಾಯುವಾಗ ಕುಡಿಯಬೇಡಿ; ಅದಕ್ಕೆ ಬೇರೆ ಒಂದು ಲೀಟರ್ ಸಾದಾ ನೀರು ತನ್ನಿ. ತಡವಾಗುತ್ತದೆ ಎಂದು ಖಾತ್ರಿಯಾದ ಕೂಡಲೇ ನೆರಳಿಗೆ ಹೋಗಿ. ಅತಿಥಿಯ ಕಾರು ಬಂದದ್ದು ಕಂಡಾಗ ಒಂದು ಬಾಳೆಹಣ್ಣು ತಿಂದು ವಾರ್ಮಪ್ ಶುರು ಮಾಡಿ: 12 ನಿಮಿಷ ಹಗುರ, ಎರಡು ನಿಮಿಷ ಜೋರು, ಹತ್ತು ಸೆಕೆಂಡಿನ ಮೂರು ಜಿಗಿತ. ಭಾಷಣಗಳು ಇದಕ್ಕೆ ಬೇಕಾದಷ್ಟು ಸಮಯ ಕೊಡುತ್ತವೆ. ಆದರೆ ಕೊನೆಯ ಐದು ನಿಮಿಷ ಬೇರೆಡೆ ಇರಬೇಡಿ. ಗೆರೆಯ ಹತ್ತಿರ ಮೊದಲ ಎರಡು ಮೂರು ಸಾಲಿನಲ್ಲಿ ಜಾಗ ಸಿಗದಿದ್ದರೆ ಆರು ವಾರದ ಕೆಲಸದಲ್ಲಿ ಅರ್ಧ ಅಲ್ಲೇ ಹೋಯಿತು.

ಜರ್ಸಿಗೆ ಹಚ್ಚುವ ಬಿಬ್ ನಂಬರಿಗೆ ನಾಲ್ಕು ಮೂಲೆಗಷ್ಟೇ ಪಿನ್ ಹಾಕಿದರೆ ಗಾಳಿಗೆ ಹಾಯಿಯ ಹಾಗೆ ಉಬ್ಬುತ್ತದೆ. ಆರು ಪಿನ್ ಹಾಕಿ. ಶುರುವಿನ ಗೇರ್ ನಡುವಿನದಿರಲಿ, 39ಕ್ಕೆ 17 ಅಥವಾ 19 (ಮುಂದಿನ ಚಕ್ರಕ್ಕೆ 39 ಹಲ್ಲು, ಹಿಂದಿನದಕ್ಕೆ 17 ಅಥವಾ 19).

ಗುಂಪು, ಗಾಳಿ, ಯು–ಟರ್ನ್

ಮೊದಲ 5 ಕಿ.ಮೀ. ಎಲ್ಲರೂ ಹುಚ್ಚರ ಹಾಗೆ ಹೊಡೆಯುತ್ತಾರೆ. ಆಗ ಮುಂದೆ ಹೋಗಿ ಎಳೆಯುವುದು ಬೇಡ, ಹಿಂದೆ ಉಳಿಯುವುದೂ ಬೇಡ. ಆರರಿಂದ ಹದಿನೈದನೇ ಸ್ಥಾನದ ನಡುವೆ ಇರಿ. ಗಾಳಿಮರೆಯಲ್ಲಿ ಬೇಕಾಗುವ ಶಕ್ತಿ ಮುಂದಿರುವವನಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಕಣ್ಣು ಮುಂದಿನ ಟಯರಿಗೆ ನೆಡಬೇಡಿ, ಎರಡು ಮೂರು ಸವಾರರ ಆಚೆಯ ಭುಜ ನೋಡಿ. ನಿಮ್ಮ ಮುಂದಿನ ಚಕ್ರ ಮುಂದಿನವನ ಹಿಂದಿನ ಚಕ್ರದ ಪಕ್ಕಕ್ಕೆ ಹೊಕ್ಕಿರಬಾರದು. ಅವನು ಒಂದು ಅಂಗೈ ಸರಿದರೂ ಬೀಳುವವರು ನೀವು, ಅವನಲ್ಲ. ಎದ್ದು ನಿಂತು ಪೆಡಲ್ ಹೊಡೆಯುವಾಗ ಸೈಕಲ್ ಅರ್ಧ ಅಡಿ ಹಿಂದೆ ಬರುತ್ತದೆ. ಏಳುವ ಮೊದಲು ಒಂದು ಒತ್ತು ಜಾಸ್ತಿ ಕೊಟ್ಟು ಏಳಿ.

ಗಾಳಿಯ ವಿಷಯದಲ್ಲಿ ನಮ್ಮವರಿಗೆ ಒಂದು ಮೋಸ ಆಗುತ್ತದೆ. ಚಳಿಗಾಲದಲ್ಲಿ ನಸುಕಿಗೆ ಗಾಳಿ ಸತ್ತಿರುತ್ತದೆ, ಒಂಬತ್ತರ ಹೊತ್ತಿಗೆ ಮೂಡಣ–ಈಶಾನ್ಯದಿಂದ ಏಳುತ್ತದೆ. ದಿನವೂ ಆರಕ್ಕೆ ಓಡಿಸುವವರು ಗಾಳಿಯಲ್ಲಿ ಓಡಿಸಿಯೇ ಇರುವುದಿಲ್ಲ, ರೇಸ್ ನಡೆಯುವುದು ಗಾಳಿಯಲ್ಲಿ. ವಾರಕ್ಕೊಮ್ಮೆಯಾದರೂ ಒಂಬತ್ತರ ಮೇಲೆ ಹೊರಡಿ. ಈ ಗಾಳಿ ಹುಮನಾಬಾದ್ ರಸ್ತೆಯಲ್ಲಿ ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಎದುರುಗಾಳಿಯಲ್ಲಿ ಗುಂಪು ಒಡೆಯುವುದು ಕಡಿಮೆ, ಎಲ್ಲರೂ ಬಚ್ಚಿಟ್ಟುಕೊಳ್ಳಬಹುದು. ಆಳಂದ ರಸ್ತೆಯಲ್ಲಿ ಅದೇ ಗಾಳಿ ಅಡ್ಡ. ಹೋಗುವಾಗ ಬಲಗಡೆಯಿಂದ ಬರುತ್ತದೆ, ಹಾಗಾಗಿ ಮರೆ ಸಿಗುವುದು ಮುಂದಿನವನ ಹಿಂದೆ ಸ್ವಲ್ಪ ಎಡಕ್ಕೆ. ಮುಂದಿರುವವನು ರಸ್ತೆಯ ನಡುಗೆರೆಯ ಹತ್ತಿರ ಹೋದರೆ ಅವನ ಹಿಂದೆ ಓರೆಯಾಗಿ ಆರೇಳು ಜನಕ್ಕೆ ಎಡ ಅಂಚಿನವರೆಗೆ ಜಾಗ. ಎಂಟನೆಯವನಿಗೆ ಓರೆ ಸಾಲಿನಲ್ಲಿ ಜಾಗವಿಲ್ಲ. ಅವನು ಡಾಂಬರಿನ ಅಂಚಿನಲ್ಲಿ, ಮುರುಮಿನ ಪಕ್ಕದಲ್ಲಿ, ಮರೆಯಿಲ್ಲದೆ ಒಬ್ಬರ ಹಿಂದೊಬ್ಬರ ಸಾಲಿನಲ್ಲಿ ಸಿಕ್ಕಿಬೀಳುತ್ತಾನೆ. ಅಲ್ಲಿ ಒಬ್ಬ ದಣಿದು ಅಂತರ ಬಿಟ್ಟರೆ ಅವನ ಹಿಂದಿನವರೆಲ್ಲ ಹೋದಂತೆ. ಹಾಗೆ ಸಿಕ್ಕಿಕೊಂಡವರು ಮುಂದಿನ ಗುಂಪಿಗೆ ಜೋತುಬೀಳುವ ಬದಲು ತಾವೇ ಎರಡನೇ ಓರೆ ಸಾಲು ಕಟ್ಟಬೇಕು: ಒಬ್ಬ ನಡುಗೆರೆಗೆ ಬಂದು 'ಸಾಲು ಕಟ್ರಿ' ಎಂದು ಕೂಗಿದರೆ ಸಾಕು. ಬರುವಾಗ ಗಾಳಿ ಎಡಗಡೆಯಿಂದ, ಎಲ್ಲವೂ ತಿರುಗುಮುರುಗು: ಮುಂದಿನವನು ಎಡ ಅಂಚಿಗೆ, ಮರೆ ಬಲಕ್ಕೆ. ನಡುಗೆರೆ ದಾಟುವಂತಿಲ್ಲ.

ಹೋಗಿ ಬರುವ ದಾರಿಯಲ್ಲಿ ಪೂರಾ ರೇಸ್ ನಿರ್ಧಾರವಾಗುವುದು ಯು–ಟರ್ನಿನಲ್ಲಿ. ಡ್ರಮ್ಮೋ ಕೋನೋ ಇಟ್ಟಿರುತ್ತಾರೆ. 60 ಜನರ ಗುಂಪು ಸೆಕೆಂಡಿಗೆ ಇಬ್ಬರಂತೆ ತಿರುಗಿದರೂ ಕೊನೆಯವನ ಸರದಿ ಬರುವುದು ಅರ್ಧ ನಿಮಿಷದ ಮೇಲೆ. ಅಷ್ಟರಲ್ಲಿ ಮೊದಲಿಗ 250 ಮೀಟರ್ ಹೋಗಿರುತ್ತಾನೆ. ಮೊದಲ ಐವರು 15 ಕಿ.ಮೀ. ವೇಗದಲ್ಲಿ ಜಾರಿಕೊಂಡು ತಿರುಗುತ್ತಾರೆ. ನಲವತ್ತನೆಯವನು ಕಾಲು ನೆಲಕ್ಕೂರಿ, ಮತ್ತೆ ನಿಂತಲ್ಲಿಂದ ಹೊರಟು, 45ರ ಮೇಲೆ ಹೊಡೆದರೂ ಗುಂಪು ಸಿಗುವುದು ಅನುಮಾನ. ಆದ್ದರಿಂದ ತಿರುವು ಒಂದು ಕಿಲೋಮೀಟರ್ ಇರುವಾಗಲೇ ಮೊದಲ ಹತ್ತರೊಳಗೆ ಬನ್ನಿ. ಕೊನೆಯ 200 ಮೀಟರಿನಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ, ಆಗ ಆಗುವುದಿಲ್ಲ. ಗೇರನ್ನು ಬ್ರೇಕ್ ಹಿಡಿಯುವ ಮೊದಲೇ 39ಕ್ಕೆ 19ರ ಸುತ್ತ ಇಳಿಸಿ, ತಿರುಗುತ್ತಾ ಗೇರ್ ಬದಲಿಸಿದರೆ ಚೈನ್ ಬೀಳುತ್ತದೆ. ಸೈಕಲ್ ಪೂರ್ತಿ ನೇರ ಇರುವಾಗಲೇ ಬ್ರೇಕ್ ಹಿಡಿದು ಮುಗಿಸಿ. ನಮ್ಮಲ್ಲಿ ತಿರುವು ಬಲಕ್ಕೆ, ಹಾಗಾಗಿ ಎಡಗಾಲು ಕೆಳಗೆ, ಭಾರವೆಲ್ಲ ಅದರ ಮೇಲೆ, ಬಲ ಪೆಡಲ್ ಮೇಲೆ. ಬಲ ಪೆಡಲ್ ಕೆಳಗಿದ್ದರೆ ನೆಲಕ್ಕೆ ಬಡಿಯುತ್ತದೆ. ನೋಟ ಡ್ರಮ್ಮಿನ ಮೇಲೆ ಬೇಡ, ಹೊರಹೋಗುವ ರಸ್ತೆಯ ಮೇಲಿರಲಿ. ಡಿವೈಡರಿನ ಹತ್ತಿರ ಉಸುಕು ಕೂತಿರುತ್ತದೆ. ವಾರ್ಮಪ್ಪಿನ ಹೊತ್ತಿನಲ್ಲೋ ಹಿಂದಿನ ದಿನವೋ ಅಲ್ಲಿಗೆ ಹೋಗಿ ನೋಡಿ, ಪೊರಕೆ ಸಿಕ್ಕರೆ ಗುಡಿಸಿಯೂ ಬಿಡಿ. ಸೈಕಲ್ ನೇರವಾದ ಕ್ಷಣ ಎದ್ದು ನಿಂತು ಹನ್ನೆರಡು ಒತ್ತು. ಆಮೇಲೆ ಕೂತು ಉಸಿರು ತೆಗೆದುಕೊಳ್ಳಿ.

ಕೊನೆಯ ಕಿಲೋಮೀಟರ್

ಐದರಿಂದ ಎಂಟನೇ ಸ್ಥಾನ ಒಳ್ಳೆಯದು. ಕೈ ಹ್ಯಾಂಡಲ್ಲಿನ ಕೆಳಬಾಗಿಗೆ. ಹೊಸಬರು 500 ಮೀಟರ್ ಇರುವಾಗಲೇ ಎದ್ದು, ನೂರು ಮೀಟರ್ ಇರುವಾಗ ಮುಗಿದುಹೋಗುತ್ತಾರೆ. ಗಾಳಿಯಿಲ್ಲದಿದ್ದರೆ 200 ಮೀಟರ್, ಎದುರುಗಾಳಿಗೆ 150, ಬೆನ್ನುಗಾಳಿಗೆ 250–300. ಹಿಡಿದ ಗೆರೆ ಬಿಟ್ಟು ಅಡ್ಡ ಬಂದರೆ ನಿಮ್ಮನ್ನು ಕೆಳಗಿನ ಸ್ಥಾನಕ್ಕೆ ತಳ್ಳುತ್ತಾರೆ. ಗೆರೆ ದಾಟಿದ ಕೂಡಲೇ ಬ್ರೇಕ್ ಹಿಡಿಯಬೇಡಿ, ಕೈ ಎತ್ತಬೇಡಿ. ಹಿಂದೆ 50ರ ವೇಗದಲ್ಲಿ ಇಪ್ಪತ್ತು ಜನ ಬರುತ್ತಿರುತ್ತಾರೆ, ಮುಂದೆ ಮೊಬೈಲ್ ಹಿಡಿದ ಜನ ರಸ್ತೆಗೆ ಇಳಿದಿರುತ್ತಾರೆ.

ಕಳಚಿಕೊಂಡರೆ

ಒಬ್ಬರೇ ಬೆನ್ನಟ್ಟಬೇಡಿ. ಹಿಂದೆ ಬರುವ ಮೂರು ನಾಲ್ಕು ಜನರಿಗೆ ಕಾದು, 20–30 ಸೆಕೆಂಡಿನ ಸರದಿಯಲ್ಲಿ ಎಳೆಯಿರಿ. ಗುಂಪು ಮುಂದೆ ನಿಧಾನವಾದರೆ ಹೀಗೆ ಸೇರಿಕೊಳ್ಳುವುದುಂಟು, ಸೇರದಿದ್ದರೂ ಸಾಲಿನಲ್ಲಿ ಓಡಿಸುವ ರೂಢಿಯಾಗುತ್ತದೆ. ಯು–ಟರ್ನಿಗೆ ಮೊದಲೇ ತಿರುಗಿ ಮುಂದಿನ ಗುಂಪಿಗೆ ಸೇರಿಕೊಳ್ಳುವವರು ಪ್ರತಿ ರೇಸಿನಲ್ಲೂ ಇರುತ್ತಾರೆ, ಸಿಕ್ಕಿಬೀಳುತ್ತಾರೆ ಕೂಡ. ಬಿಡುವುದಾದರೆ ಬಿಬ್ ಬಿಚ್ಚಿ, ಸ್ವಯಂಸೇವಕರಿಗೆ ನಂಬರ್ ಹೇಳಿ. ಹೇಳದೆ ಮನೆಗೆ ಹೋದವನನ್ನು ಹುಡುಕುತ್ತಾ ಆಂಬ್ಯುಲೆನ್ಸ್ ರಸ್ತೆಯುದ್ದಕ್ಕೂ ಸುತ್ತುತ್ತದೆ.

ಬಿದ್ದರೆ ಮೊದಲು ರಸ್ತೆಯಿಂದ ಆಚೆ. ತರಚಿದ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಉಸುಕೆಲ್ಲ ತೆಗೆಯಿರಿ. ಅರಿಶಿನ, ಟೂತ್‌ಪೇಸ್ಟ್ ಮೆತ್ತಬೇಡಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತೆಂದು ವೈದ್ಯರಿಗೆ ಹೇಳಿ. ತಲೆ ಬಡಿದು ವಾಂತಿ, ಮಂಪರು, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು ಕಂಡರೆ ಸೈಕಲ್ ಹತ್ತಿಸದೆ ನೇರ ಆಸ್ಪತ್ರೆಗೆ. ಬಡಿದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ಒಮ್ಮೆ ನಜ್ಜಿದರೆ ಮುಗಿಯಿತು. ಅದನ್ನು ತಮ್ಮನಿಗೆ ದಾಟಿಸುವ ಬದಲು ಎರಡು ತುಂಡು ಮಾಡಿ ಎಸೆಯಿರಿ.